ಸೇವೆಯೋ, ಬಿಟ್ಟಿಯೋ?

ಕಳೆದ ತಿಂಗಳು ಹಾವೇರಿಯ ಒಂದು ಸಭೆಯಲ್ಲಿ ಇಬ್ಬರು ವಕ್ತಾರರ ಮಾತುಗಳನ್ನು ಕೇಳುವ ಪ್ರಸಂಗವು ನನಗೆ ಒದಗಿತು. ಮೊದಲನೆಯವರು ತರುಣರು, ಬಹುಶ್ರುತರು. ಲೋಕದಲ್ಲಿ ನಿಃಸ್ವಾರ್ಥ ಸೇವೆಯೆಂಬುದೇ ಇಲ್ಲವೆಂದೂ, ಕೆರೆಯ ಹೂಳೆತ್ತುವವನು ಚುನಾವಣೆಯ ಮೇಲೆ ಕಣ್ಣಿಟ್ಟು, ರಕ್ತ ಕೊಡುವವನು ಛಾಯಾಚಿತ್ರದ ಮೇಲೆ ಕಣ್ಣಿಟ್ಟು ಆ ಕೆಲಸಕ್ಕೆ ಇಳಿಯುವನೆಂದೂ ಅವರು ಪ್ರತಿಪಾದಿಸಿದರು. ಎರಡನೆಯವರು ವೃದ್ಧರು, ನನ್ನ ಹಾಗೆಯೇ ನಿವೃತ್ತರು. ಈಗಿನ ಕಾಲದಲ್ಲಿ ಸೇವಾಭಾವವು ನಶಿಸಿಹೋಯಿತೆಂದು ಮರುಗಿ, ಶಾಲೆಯ ಅಡಿಗೆಯ ಹೆಣ್ಣುಮಕ್ಕಳೂ ಆಶಾ ಕಾರ್ಯಕರ್ತೆಯರೂ ಸೇವೆಗೆಂದು ಸೇರಿ ಈಗ ಸಂಬಳಕ್ಕಾಗಿ ಹಟ ಹಿಡಿದಿರುವದನ್ನು ಅವರು ಅದಕ್ಕೆ ನಿದರ್ಶನವಾಗಿ ಕೊಟ್ಟರು. ಸಭೆಯು ಇಬ್ಬರಿಗೂ ಚಪ್ಪಾಳೆ ತಟ್ಟಿತು. ಪರಸ್ಪರ ವಿರುದ್ಧವಾದ ಎರಡು ಮತಗಳನ್ನು ಒಂದೇ ಸಂಜೆಯಲ್ಲಿ ಮೆಚ್ಚಬಲ್ಲ ಸಭೆಯನ್ನು ಕಂಡು ನನಗೆ ಆಶ್ಚರ್ಯವಾಗಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದವನಲ್ಲಿ ಅಂಥ ಆಶ್ಚರ್ಯಗಳು ಉಳಿದಿರುವದಿಲ್ಲ. ಆದರೆ ಮನೆಗೆ ಬಂದು ಯೋಚಿಸಲಾಗಿ ಆ ಎರಡು ಮತಗಳೂ ಒಂದೇ ತಪ್ಪಿನ ಎರಡು ಕವಲುಗಳೆಂದು ತೋರಿತು. ಸಭೆಯಲ್ಲಿಯೇ ಎದ್ದು ಅದನ್ನು ಹೇಳುವ ಧೈರ್ಯವಾಗದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಶಬ್ದವನ್ನೇ ವಿಚಾರಿಸೋಣ. ಪಾಠಶಾಲೆಯ ಅಭ್ಯಾಸವು ಬಿಡದು. ಸೇವೆಯೆಂದೊಡನೆ ನಮ್ಮಲ್ಲಿ ಈಗ ಒಂದು ಪವಿತ್ರಭಾವವು ಉಂಟಾಗುವದಷ್ಟೆ. ಹಳೆಯ ಧರ್ಮಶಾಸ್ತ್ರಕಾರರಿಗೆ ಹಾಗೆ ಅನಿಸಿರಲಿಲ್ಲ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಹೊಟ್ಟೆಪಾಡಿಗಾಗಿ ಇನ್ನೊಬ್ಬನ ಸೇವೆ ಮಾಡುವದನ್ನು ನಾಯಿಯ ವೃತ್ತಿಯೆಂದು ಹಳಿದಿದೆ. ಗುರುಸೇವೆ, ದೇವರ ಸೇವೆ ಎಂಬ ಪ್ರಯೋಗಗಳಿಂದ ಆ ಶಬ್ದವು ಮೇಲಕ್ಕೇರಿತು. ದೇಶಸೇವೆಯೆಂಬ ಪ್ರಯೋಗದಿಂದ ಶಿಖರವನ್ನೇ ಮುಟ್ಟಿತು. ಇದರ ಮಗ್ಗುಲಲ್ಲಿಯೇ ವಿಷ್ಟಿ ಎಂಬ ಇನ್ನೊಂದು ಶಬ್ದವಿದೆ. ಕೂಲಿಯಿಲ್ಲದೆ ಬಲಾತ್ಕಾರದಿಂದ ಮಾಡಿಸಿಕೊಳ್ಳುವ ದುಡಿಮೆಗೆ ಆ ಹೆಸರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಅದರ ಪ್ರಸ್ತಾಪವುಂಟು. ಅದೇ ತದ್ಭವವಾಗಿ ಕನ್ನಡದಲ್ಲಿ ಬಿಟ್ಟಿಯಾಯಿತು. ಬಿಟ್ಟಿ-ಬೇಗಾರವೆಂಬ ಜೋಡುಮಾತು ನಮ್ಮ ಅಜ್ಜಂದಿರಿಗೆ ಅನುಭವದಿಂದಲೇ ಗೊತ್ತಿತ್ತು. ಸೇವೆಯಲ್ಲಿಯೂ ಬಿಟ್ಟಿಯಲ್ಲಿಯೂ ಕೂಲಿಯಿಲ್ಲ. ಮಣ್ಣಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಏರಿಯನ್ನು ಹತ್ತುವವನನ್ನು ದೂರದಿಂದ ನೋಡಿದರೆ ಅವನು ಮಾಡುವದು ಯಾವದೆಂದು ತಿಳಿಯುವಂತಿಲ್ಲ. ಆ ಬುಟ್ಟಿಯನ್ನು ಕೆಳಗಿಟ್ಟು ಮನೆಗೆ ಹೋಗುವ ಸ್ವಾತಂತ್ರ್ಯವು ಅವನಿಗೆ ಇದೆಯೋ ಇಲ್ಲವೋ ಎಂಬುದನ್ನು ಕೇಳಿಯೇ ತಿಳಿಯಬೇಕು.

ಇನ್ನು ತರುಣ ವಕ್ತಾರರ ಮಾತು. ನಮ್ಮ ಸೀಮೆಯ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿಯವರನ್ನು ಅವರು ಬಲ್ಲರೋ ಇಲ್ಲವೋ ಕಾಣೆ. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಈ ಶಾಲಾಮಾಸ್ತರರು ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡು ಕಾದಂಬರಿಗಳನ್ನು ಬರೆದರು; ಅಗಡಿಯ ಆನಂದವನದಿಂದ ಹೊರಡುತ್ತಿದ್ದ ಸದ್ಬೋಧ ಚಂದ್ರಿಕೆಯನ್ನು ನಡೆಯಿಸಿದರು; ತಾವೇ ಅಚ್ಚು ಹಾಕಿಸಿದ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಅದು ವ್ಯಾಪಾರವಲ್ಲವೇ ಎಂದು ನಮ್ಮ ತರುಣರು ಕೇಳಬಹುದು. ವ್ಯಾಪಾರವೇ ಆಗಿದ್ದರೆ ಕನ್ನಡನಾಡಿನಲ್ಲಿ ಅದರಷ್ಟು ಕೆಟ್ಟ ವ್ಯಾಪಾರವು ಮತ್ತೊಂದಿರಲಾರದು. ಮೆಣಸಿನಕಾಯಿಯ ಪೇಟೆಯಾದ ಬ್ಯಾಡಗಿಯ ಪಕ್ಕದಲ್ಲಿದ್ದೂ ಪುಸ್ತಕದ ಗಂಟನ್ನು ಆರಿಸಿಕೊಂಡವರಿಗೆ ಲಾಭದ ಲೆಕ್ಕವನ್ನು ಕಲಿಸಲು ಹೋಗಬಾರದು.

ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರ ಮಾರ್ಚಿಯಲ್ಲಿ ಗಾಂಧೀಜಿಯವರೊಡನೆ ದಾಂಡಿಗೆ ನಡೆದಾಗ ಅವರಿಗೆ ಹತ್ತೊಂಬತ್ತು ತುಂಬಿರಲಿಲ್ಲ. ಮರಳಿ ಬಂದು ಕೊರಡೂರಿನಲ್ಲಿ ಸೇವಾಶ್ರಮವನ್ನು ಕಟ್ಟಿ ಹಳ್ಳಿಗರ ನಡುವೆ ದುಡಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೊಡನೆ ಗುಂಡಿಗೆ ಬಲಿಯಾದರು. ಅವರ ಕಣ್ಣು ಯಾವ ಚುನಾವಣೆಯ ಮೇಲಿತ್ತು? ಕೀರ್ತಿಯ ಮೇಲಿತ್ತು ಎನ್ನುವಿರಾದರೆ, ಕೀರ್ತಿಗಾಗಿ ಸಾಯುವವನು ದಾಂಡಿಯಲ್ಲಿ ಸಾಯಬಯಸಿಯಾನು; ಕೊರಡೂರಿನಲ್ಲಿ ವರ್ಷಾನುಗಟ್ಟಲೆ ಹಳ್ಳಿಯ ಕೆಲಸ ಮಾಡುತ್ತ ಕೂಡ್ರಲಾರನು.

ಆದರೆ ವೀರರ ಉದಾಹರಣೆಯಿಂದ ಸಾಮಾನ್ಯರ ನಡೆಯನ್ನು ಸಾಧಿಸಿದಂತಾಗುವದಿಲ್ಲ. ಅದಕ್ಕೆ ನನ್ನ ಸ್ವಂತದ ಒಂದು ಅನುಭವವನ್ನು ಹೇಳುವೆನು. ನಾನು ರಾಣೇಬೆನ್ನೂರು ತಾಲೂಕಿನ ಒಂದು ಹಳ್ಳಿಯಲ್ಲಿ ಪಾಠ ಹೇಳುತ್ತಿದ್ದಾಗ ದಾರಿಯ ಬೇವಿನ ಮರದಡಿಯಲ್ಲಿ ಒಬ್ಬ ಮುದುಕನು ಪ್ರತಿ ಬೇಸಿಗೆಯಲ್ಲಿಯೂ ಅರವಟಿಗೆಯನ್ನಿಡುತ್ತಿದ್ದನು. ಎರಡು ಹರವಿ, ಒಂದು ತಂಬಿಗೆ, ಮೇಲೊಂದು ಹಸಿಯ ಚೀಲ. ಇಷ್ಟೇ ಅವನ ಸಂಸ್ಥೆ. ನೀರನ್ನು ಅರ್ಧ ಮೈಲಿನಿಂದ ತಾನೇ ಹೊತ್ತು ತರುವನು. ಏತಕ್ಕೆ ಈ ಕಷ್ಟವೆಂದು ನಾನೊಮ್ಮೆ ಕೇಳಿದಾಗ ಅವನು, "ಸಣ್ಣಾಂವಿದ್ದಾಗ ಸಂತೀಗೆ ಹೋಗೂ ಮುಂದ ನೀರಡಿಸಿ ಬಿದ್ದಿದ್ದೆ ರೀ ಮಾಸ್ತರ. ಯಾರೋ ಒಬ್ಬಾಕಿ ನೀರ ಕುಡಿಸಿದಳು. ಆಕಿ ಹೆಸರ ಕೇಳ್ಕೊಳ್ಳಿಲ್ಲ. ಈಗ ಯಾರಿಗೆ ಕೊಡ್ಲಿ?" ಎಂದನು. ಹರವಿಯ ಮೇಲೆ ಅವನ ಹೆಸರು ಬರೆದಿರಲಿಲ್ಲ. ಅವನಿಗೆ ಬರೆಯಲಿಕ್ಕೂ ಬರುತ್ತಿರಲಿಲ್ಲ.

ನಾನು ಪಾಠಶಾಲೆಯಲ್ಲಿ ಓದಿದ ಋಣವಿಚಾರವು ಅಂದೇ ನನಗೆ ಅರ್ಥವಾದದ್ದು. ತೈತ್ತಿರೀಯ ಸಂಹಿತೆಯು ದೇವಋಣ, ಋಷಿಋಣ, ಪಿತೃಋಣಗಳೆಂದು ಮೂರನ್ನು ಹೇಳಿದರೆ, ಶತಪಥಬ್ರಾಹ್ಮಣವು ನಾಲ್ಕನೆಯದೊಂದನ್ನು ಕೂಡಿಸುತ್ತದೆ. ಅದು ಮನುಷ್ಯಋಣ, ಬಂದವರಿಗೆ ಇರಲು ನೆಲೆಯನ್ನೂ ಉಣ್ಣಲು ಅನ್ನವನ್ನೂ ಕೊಟ್ಟು ಅದನ್ನು ತೀರಿಸತಕ್ಕದ್ದು. ಮಿಕ್ಕ ಸಾಲಗಳಿಗೂ ಇದಕ್ಕೂ ಇರುವ ಭೇದವೇನೆಂದರೆ, ಇಲ್ಲಿ ಸಾಲ ಕೊಟ್ಟವರು ಮರಳಿ ಸಿಕ್ಕುವದಿಲ್ಲ. ಆದ್ದರಿಂದ ಸಿಕ್ಕಿದವರಿಗೆ ಅದನ್ನು ಕೊಡಬೇಕಾಗುತ್ತದೆ. ಹೊಲದಲ್ಲಿ ಮುಯ್ಯಾಳು ಮಾಡುವ ನಮ್ಮ ರೈತರು ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂದು ಲೆಕ್ಕವಿಡುವರು. ಊರಿನ ಕೆಲಸಕ್ಕೆ ಇಳಿಯುವವನು ಆ ಲೆಕ್ಕವನ್ನೇ ಮುಂದುವರಿಸಿ, ನಾಳಿನವನು ಯಾರೆಂಬುದನ್ನು ಮಾತ್ರ ಕೇಳದೆ ಬಿಡುತ್ತಾನೆ. 2019ರ ಆಗಸ್ಟಿನಲ್ಲಿ ವರದೆಯೂ ತುಂಗಭದ್ರೆಯೂ ಉಕ್ಕಿ ಮನೆಗಳು ನೆನೆದು ಕುಸಿದಾಗ, ನೆರೆಯ ಸುದ್ದಿ ಕೇಳಿದ ಎಷ್ಟೋ ಊರುಗಳ ಹೆಣ್ಣುಮಕ್ಕಳು ರೊಟ್ಟಿ ಬಡಿದು ಗಂಟು ಕಟ್ಟಿ ಕಳಿಸಿದರು. ಆ ರೊಟ್ಟಿ ಯಾರ ಬಾಯಿಗೆ ಹೋಯಿತೆಂದು ಅವರಿಗೆ ಇಂದಿಗೂ ತಿಳಿಯದು. ಸಾಲ ತೀರಿಸಿದವನಿಗೆ ಮನಸ್ಸು ಹಗುರಾಗುವದು ನಿಜ. ಆ ಹಗುರವನ್ನೇ ಸ್ವಾರ್ಥವೆಂದು ಕರೆಯುವವರೊಡನೆ ನನ್ನ ವಾದವಿಲ್ಲ. ಆ ಅರ್ಥದಲ್ಲಿ ತಾಯಿಯೂ ಸ್ವಾರ್ಥಿಯೇ.

ಛಾಯಾಚಿತ್ರದ ಮಾತು ಸುಳ್ಳಲ್ಲ. ಒಂದು ಸಸಿಗೆ ಹತ್ತು ಕೈಗಳು ಹತ್ತಿಕೊಂಡು ನಿಂತ ಚಿತ್ರಗಳನ್ನು ನಾನೂ ನೋಡಿದ್ದೇನೆ. ಇನ್ನೂ ಒಂದನ್ನು ಒಪ್ಪಿಕೊಳ್ಳಬೇಕು: ನಿವೃತ್ತನಾದ ಮೇಲೆ ನಾನು ನಾಲ್ಕು ವರ್ಷ ಸಂಜೆ ಮಕ್ಕಳಿಗೆ ಫೀಯಿಲ್ಲದೆ ಪಾಠ ಹೇಳಿದೆನು. ಒಂದು ಸಮಾರಂಭದಲ್ಲಿ ಉಳಿದವರಿಗೆಲ್ಲ ಶಾಲು ಹೊದಿಸಿ ನನ್ನನ್ನು ಮರೆತಾಗ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಮರುದಿನ ಸಂಜೆ ಮಕ್ಕಳು ಬಂದು ಚಾಪೆ ಹಾಸಿದರು, ಪಾಠ ನಡೆಯಿತು. ಕೀರ್ತಿಯ ಆಸೆ ಮನುಷ್ಯನಿಗೆ ಉಂಟು. ಅದು ಕೆಲಸದ ಜೊತೆಗೆ ಬರುವದೋ, ಕೆಲಸವನ್ನು ಹುಟ್ಟಿಸುವದೋ ಎಂಬುದೇ ಪ್ರಶ್ನೆ. ಶಾಲು ಸಿಗದಿದ್ದರೂ ನಿಲ್ಲದ ಕೆಲಸಕ್ಕೆ ಶಾಲು ಕಾರಣವಾಗಲಾರದು.

ಸೇವೆಗೆ ಶಿಕ್ಷಣವು ಬೇಡವೆಂದು ನನ್ನ ಮತವಲ್ಲ. ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಸೇವಾದಲದ ಶಿಸ್ತು ಮರುವರ್ಷದ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ನಾಡಿಗೆಲ್ಲ ಕಾಣಿಸಿತು. ಸ್ವಯಂಸೇವಕ ಎಂಬ ಮಾತಿಗೆ ನಮ್ಮ ಭಾಗದಲ್ಲಿ ಮರ್ಯಾದೆ ಬಂದದ್ದು ಅಂಥವರಿಂದ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಬುಟ್ಟಿ ಹಿಡಿಯಲು ಕಲಿತ ನನ್ನ ಶಿಷ್ಯರು ಅನೇಕರಿದ್ದಾರೆ. ವರ್ಷಕ್ಕೆ 120 ತಾಸು ಎಂದು ಅಲ್ಲಿ ಲೆಕ್ಕವುಂಟು. ನೂರಿಪ್ಪತ್ತೊಂದನೆಯ ತಾಸಿನಲ್ಲಿ ಯಾರು ಉಳಿಯುವರೆಂದು ನಾನು ನೋಡುತ್ತಿದ್ದೆನು. ಕೆಲವರು ಉಳಿಯುತ್ತಿದ್ದರು.

ಈಗ ವೃದ್ಧ ವಕ್ತಾರರ ಕಡೆಗೆ ತಿರುಗುವೆನು. ನನ್ನ ಸಿಟ್ಟೆಲ್ಲ ಅವರ ಮಾತಿನ ಮೇಲೆಯೇ. ತರುಣರದು ಬರಿಯ ತರ್ಕದ ತಪ್ಪು. ಇವರದರಿಂದ ಬಡವರ ಒಲೆಗೆ ನೀರು ಬೀಳುತ್ತದೆ.

2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಆಶಾ ಕಾರ್ಯಕರ್ತೆಯು ಹಳ್ಳಿಗೆ ಬಂದಳು. ಸುಮಾರು ಸಾವಿರ ಜನಕ್ಕೆ ಒಬ್ಬಳು. ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯುವದು, ಕೂಸಿಗೆ ಲಸಿಕೆ ಹಾಕಿಸುವದು, ಕ್ಷಯರೋಗಿಗೆ ಔಷಧ ಮುಟ್ಟಿಸುವದು ಇವೆಲ್ಲವೂ ಅವಳವೇ. 2020ರ ಮಹಾಮಾರಿಯಲ್ಲಿ ನಾವೆಲ್ಲ ಬಾಗಿಲಿಕ್ಕಿಕೊಂಡಾಗ ಅವಳು ಹೊರಗಿನಿಂದ ಬಾಗಿಲು ಬಡಿಯುತ್ತಿದ್ದಳು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಕಾರ್ಯಕರ್ತೆಯರೆಲ್ಲರನ್ನೂ ಪುರಸ್ಕರಿಸಿತು. ಆದರೆ ಸರಕಾರದ ಕಾಗದಗಳಲ್ಲಿ ಅವಳು ನೌಕರಳಲ್ಲ, ಗೌರವ ಸ್ವಯಂಸೇವಕಿ. ಆ ಒಂದು ಹೆಸರಿನ ಬಲದಿಂದಲೇ ಅವಳಿಗೆ ನಿಶ್ಚಿತ ಸಂಬಳವನ್ನು ತಪ್ಪಿಸುತ್ತ ಬಂದರು. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತು ತಿಂಗಳಿಗೆ ಇಷ್ಟೆಂದು ನಿಶ್ಚಿತ ಹಣವನ್ನು ಕೇಳಿದ್ದನ್ನೇ ನಮ್ಮ ವೃದ್ಧ ಮಿತ್ರರು ಸೇವಾಭಾವದ ಮರಣವೆಂದು ಕರೆದದ್ದು.

ಶಾಲೆಯ ಅಡಿಗೆಯವರ ಸಂಗತಿ ಇನ್ನೂ ವಿಚಿತ್ರ. 2002ರಲ್ಲಿ ರಾಜ್ಯದಲ್ಲಿ ಮೊದಲಾಗಿ ಬಳಿಕ ನಮ್ಮ ಕಡೆಗೂ ಬಂದ ಮಧ್ಯಾಹ್ನದ ಊಟಕ್ಕೆ ಅಕ್ಷರ ದಾಸೋಹವೆಂಬ ಸುಂದರವಾದ ಹೆಸರಿಟ್ಟರು. ಅಡಿಗೆ ಮಾಡುವವಳಿಗೆ 2009ರಲ್ಲಿ ಕೇಂದ್ರವು ಗೊತ್ತು ಮಾಡಿದ್ದು ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. ಮುಂದೆ ರಾಜ್ಯವು ತನ್ನ ಪಾಲನ್ನು ಏರಿಸುತ್ತ ಬಂದಿತಾದರೂ ಅದನ್ನು ಕರೆಯುವದು ಗೌರವಧನವೆಂದೇ. ದಾಸೋಹವೆಂಬ ಮಾತನ್ನು ನಮಗೆ ಕೊಟ್ಟ ಶರಣರು ಕಾಯಕವನ್ನು ಅದರ ಮೊದಲು ಇಟ್ಟರೆಂಬುದನ್ನು ಮರೆಯಬಾರದು. ದುಡಿದು ಬಂದದ್ದರಲ್ಲಿ ನೀಡಬೇಕು. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಮರಳಿಸಿ ಬಾರೆಂದು ಕಳಿಸಿದಳೆಂಬ ಕಥೆಯು ಮನೆಮನೆಗೂ ಗೊತ್ತು. ಆದರೆ ಅವಳು ಕಾಯಕಕ್ಕೆ ಸಲ್ಲುವ ಅಕ್ಕಿಯನ್ನೂ ಬಿಟ್ಟುಬಾ ಎನ್ನಲಿಲ್ಲ. ಅಕ್ಷರ ದಾಸೋಹದಲ್ಲಿ ದಾಸೋಹ ಮಾಡತಕ್ಕದ್ದು ರಾಜ್ಯದ ಬೊಕ್ಕಸ, ಅಡಿಗೆಯವಳದು ಕಾಯಕ. ಬ್ಯಾಡಗಿಯ ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳಿಗೆ ವರ್ತಕನು ತೂಕ ಮಾಡಿ ಕೂಲಿ ಕೊಡುವನು, ಅವಳ ಮುಂದೆ ಸೇವೆಯ ಉಪದೇಶವನ್ನು ಮಾಡುವದಿಲ್ಲ. ಅವಳ ಅಕ್ಕನು ಅದೇ ಊರಿನ ಶಾಲೆಯಲ್ಲಿ ಮಕ್ಕಳಿಗೆ ಸಾರು ಕುದಿಸಿದರೆ ಮಾತ್ರ ನಮಗೆ ತ್ಯಾಗವು ನೆನಪಾಗುವದು ಏತಕ್ಕೆ?

ಮನುಷ್ಯಋಣವನ್ನು ತೀರಿಸೆಂದು ಒಬ್ಬನ ಅಂತಃಕರಣವು ಹೇಳಬಹುದು, ಅವನ ತಾಯಿ ಹೇಳಬಹುದು. ಆ ಸಾಲವನ್ನು ಎಂದೂ ಕೊಡದ ಕಚೇರಿಯು ವಸೂಲಿಗೆ ಬರಲಾಗದು. ಬುಟ್ಟಿಯನ್ನು ಕೆಳಗಿಟ್ಟರೆ ಮನೆಯಲ್ಲಿ ಒಲೆ ಹತ್ತದು ಎಂಬವಳಿಗೆ ಬುಟ್ಟಿಯನ್ನಿಡುವ ಸ್ವಾತಂತ್ರ್ಯವೆಲ್ಲಿ? ಅವಳಿಂದ ಅರೆಕೂಲಿಗೆ ಮಾಡಿಸಿಕೊಂಡದ್ದಕ್ಕೆ ಸೇವೆಯ ಹೆಸರು ಕೊಟ್ಟರೆ, ಬೇವಿನ ಮರದಡಿಯ ಮುದುಕನ ನೀರೂ ಮೈಲಿಗೆಯಾದಂತೆಯೇ.

ನಮ್ಮ ಊರಿನ ಒಂದು ಮಂಡಳಿಯವರು ಬರುವ ವಾರ್ಷಿಕೋತ್ಸವದಲ್ಲಿ ಐವರು ಅಡಿಗೆಯವರಿಗೆ "ಸೇವಾರತ್ನ" ಎಂದು ಶಾಲು ಹೊದಿಸಲು ನಿರ್ಧರಿಸಿ, ಅಭಿನಂದನಪತ್ರವನ್ನು ಸಂಸ್ಕೃತಮಯವಾಗಿ ಬರೆದುಕೊಡಬೇಕೆಂದು ನನಗೆ ಹೇಳಿಕಳಿಸಿದ್ದಾರೆ. ಪತ್ರವನ್ನು ಬರೆದಿದ್ದೇನೆ. ಆದರೆ ಅದು ಅಭಿನಂದನೆಯಲ್ಲ. ಆ ಐವರಿಗೆ ತಿಂಗಳಿಗೆ ಏನು ಸಲ್ಲುತ್ತಿದೆ, ಎಷ್ಟು ತಿಂಗಳು ತಡವಾಗಿ ಸಲ್ಲುತ್ತಿದೆ ಎಂಬುದನ್ನು ಅವರಿಂದಲೇ ಕೇಳಿ ಬರೆದುಕೊಂಡು ಜಿಲ್ಲೆಯ ಅಧಿಕಾರಿಗಳಿಗೆ ಮಾಡಿದ ವಿನಂತಿ. ಕೆಳಗೆ ಮಂಡಳಿಯ ಸದಸ್ಯರ ಸಹಿಗಳಿಗೆ ಜಾಗ ಬಿಟ್ಟಿದ್ದೇನೆ. ಇಂದಿನವರೆಗೆ ನನ್ನದೂ ಸೇರಿ ಮೂರು ಸಹಿಗಳಾಗಿವೆ. ಮೂರನೆಯದು ಆ ತರುಣ ವಕ್ತಾರರದು.