ಬ್ರ್ಯಾಂಡ್ ಜಗಳ ಬಿಡ್ರಿ, ರಿಪೇರಿ ಎಲ್ಲಿ ಆಗ್ತೈತಿ ಅದನ್ನ ಕೇಳ್ರಿ

(1/4)
ಕಾರ್ಡ್‌ಲೆಸ್ ತಗೊಳ್ಳೋದೋ, ವೈರಿನ ಹ್ಯಾಮರೋ? ಬಾಷ್ ಚಲೋನೋ, ಮಕಿತಾ ಚಲೋನೋ, ಡಿವಾಲ್ಟ್ ಚಲೋನೋ? ಕಾಲೇಜು ಬಿಟ್ಟಮ್ಯಾಲೆ ಚಿಕ್ಕೋಡಿಯಾಗ ಕಾಕಾನ ಹಾರ್ಡ್‌ವೇರ್ ಅಂಗಡಿಯಾಗ ಬಿಲ್ ಬರೀತೀನಿ, ಹಿಂಗಾಗಿ ಈ ಪ್ರಶ್ನೆ ನನಗ ದಿನಾ ಬರ್ತೈತಿ. ಕೇಳೋರು ಬಾಳ ಮಾಡಿ ನನ್ನ ವಯಸ್ಸಿನವರ. ಐಟಿಐ ಮುಗಿಸಿ ಈಗಷ್ಟ ವೈರಿಂಗ್, ಪ್ಲಂಬಿಂಗ್ ಶುರು ಮಾಡಿದವರು. ರೀಲ್ಸ್‌ನಾಗ ಸೊಂಟಕ್ಕ ಹಳದಿ ಮಷೀನ್ ಸಿಗಿಸಿಕೊಂಡವನ್ನ ನೋಡಿರ್ತಾರ, ಇಎಂಐ ಆದ್ರೂ ಸೈ, ಅದ ಬೇಕು ಅಂತಾರ.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕಿನಾಗ ದುಡಿಮೆ ಶುರು ಮಾಡೋ ಹುಡುಗ ಮೊದಲು ತಗೋಬೇಕಾದ್ದು 26 ಎಂಎಂ ವೈರಿನ ರೋಟರಿ ಹ್ಯಾಮರ್. ಕಾರ್ಡ್‌ಲೆಸ್ ಏನಿದ್ರೂ ಎರಡನೇ ಮಷೀನ್. ಯಾವ ಬ್ರ್ಯಾಂಡ್ ಅನ್ನೋದು ಮೂರನೇ ಮಾತು.

(2/4)
ಹ್ಯಾಮರ್ ಅನ್ನೋ ಹೆಸರಿನಾಗ ಎರಡು ಬ್ಯಾರೆ ಬ್ಯಾರೆ ಮಷೀನ್ ಅದಾವ. ಇಂಪ್ಯಾಕ್ಟ್ ಡ್ರಿಲ್ ಒಳಗ ಎರಡು ಹಲ್ಲಿನ ಚಕ್ರ ಒಂದರ ಮ್ಯಾಲೊಂದು ಹಾರಿ ಬಿಟ್ ಅನ್ನ ನಡುಗಸ್ತಾವ. ಒತ್ತೋ ಬಲ ನಿಮ್ಮ ರಟ್ಟೆಯಿಂದ ಹೋಗಬೇಕು. ರೋಟರಿ ಹ್ಯಾಮರ್‌ನಾಗ ಪಿಸ್ಟನ್ ಗಾಳಿ ಒತ್ತಿ, ಆ ಗಾಳಿ ಒಳಗಿನ ಸುತ್ತಿಗೆಯನ್ನ ಹೊಡೀತೈತಿ. ನೀವು ಗಟ್ಟಿ ಹಿಡ್ಕೊಂಡ್ರ ಸಾಕು. ಇಟ್ಟಂಗಿ ಗ್ವಾಡಿಗೆ ಮೊದಲನೇದು ನಡೀತೈತಿ. ಆರ್‌ಸಿಸಿ ಸ್ಲ್ಯಾಬಿಗೆ, ನಮ್ಮ ಹಳೆ ಮನಿಗಳ ಕರಿಕಲ್ಲಿನ ಗ್ವಾಡಿಗೆ ಅದು ಆಟ ಆಡಿದಂಗ. ಕಲ್ಲು ಹಂಗ ಇರ್ತೈತಿ, ಬಿಟ್ ತುದಿ ಸುಟ್ಟು ಹೋಗ್ತೈತಿ.

ಡಬ್ಬಿ ಮ್ಯಾಲಿನ ಅಕ್ಷರ ಓದ್ರಿ. ಬಾಷ್‌ನಾಗ ಜಿಎಸ್‌ಬಿ ಅಂದ್ರ ಇಂಪ್ಯಾಕ್ಟ್, ಜಿಬಿಎಚ್ ಅಂದ್ರ ರೋಟರಿ. ಮಕಿತಾದಾಗ ಎಚ್‌ಪಿ ಇಂಪ್ಯಾಕ್ಟ್, ಎಚ್‌ಆರ್ ರೋಟರಿ; ಅದರ ಮುಂದ ಡಿ ಇದ್ರ ಬ್ಯಾಟರಿದು.

ಈಗ ಬ್ರ್ಯಾಂಡ್ ಜಗಳ. ಬಾಷ್ ಜಿಬಿಎಚ್ 2-26, ಮಕಿತಾ ಎಚ್‌ಆರ್2630, ಡಿವಾಲ್ಟ್ ಡಿ25133, ಮೂರೂ 800 ವ್ಯಾಟ್, ಮೂರೂ ಕಾಂಕ್ರೀಟಿನಾಗ 26 ಎಂಎಂ. ಹೊಡೆತದ ಬಲ 2.4 ಜೂಲ್‌ದಿಂದ 2.7 ಜೂಲ್ ಒಳಗ. ಈ 0.3 ಜೂಲ್ ಸಲುವಾಗಿ ದೋಸ್ತರು ಮಾತು ಬಿಟ್ಟಿದ್ದನ್ನ ನೋಡೀನಿ! ಮೊಂಡಾದ ಬಿಟ್ ಹಾಕಿದ್ರ ಅದಕ್ಕಿಂತ ಜಾಸ್ತಿ ಬಲ ಅಲ್ಲೇ ಹೋಗ್ತೈತಿ. ಮೂರಕ್ಕೂ ಎಸ್‌ಡಿಎಸ್ ಪ್ಲಸ್ ಬಿಟ್ಟೇ ಬೇಕು, ಒಂದರ ಬಿಟ್ ಇನ್ನೊಂದಕ್ಕ ಕೂಡ್ತೈತಿ. (ಬಿಟ್ ಬುಡಕ್ಕ ಗ್ರೀಸ್ ಹಚ್ರಿ. ಯಾರೂ ಹಚ್ಚಂಗಿಲ್ಲ.)

ಬ್ಯಾಟರಿ ವಿಷಯ ಹಂಗಲ್ಲ. ಒಂದು ಕಂಪನಿದು ಇನ್ನೊಂದಕ್ಕ ಕೂಡಂಗಿಲ್ಲ, ಒಂದ ಕಂಪನಿಯ 12 ವೋಲ್ಟಿಂದು 18 ವೋಲ್ಟಿಗೂ ಕೂಡಂಗಿಲ್ಲ. ಇನ್ನ 20 ವೋಲ್ಟ್ ಅಂತ ಬರೆದಿದ್ದು 18ಕ್ಕಿಂತ ಜೋರು ಅನ್ಕೋಬ್ಯಾಡ್ರಿ. ಎರಡರಾಗೂ 5 ಲಿಥಿಯಂ ಸೆಲ್ ಸಾಲಾಗಿ ಇರ್ತಾವ. ಪೂರ್ತಿ ಚಾರ್ಜ್ ಆದಾಗಿನ ಅಳತೆ 20, ಕೆಲಸದಾಗಿನ ಅಳತೆ 18. ಅಷ್ಟ.

(3/4)
ವೈರಿನ ಮಷೀನ್ ಮೊದಲು ಯಾಕಂದ್ರ, ಅದಕ್ಕ ನಮ್ಮೂರಾಗ ಡಾಕ್ಟರ್ ಅದಾನ.

ಕೃಷ್ಣಾ ದಂಡಿಯಿಂದ, ಬೋರಿನಿಂದ ಕಬ್ಬಿಗೆ ನೀರು ಎತ್ತೋ ಸೀಮೆ ಇದು. ಮೋಟಾರ್ ಸುಡೋದು, ವೈಂಡಿಂಗ್ ಮಾಡಿಸೋದು ನಮಗ ಹೊಸಾದಲ್ಲ, ಹಿಂಗಾಗಿ ಸಣ್ಣ ಸಣ್ಣ ಊರಾಗೂ ವೈಂಡಿಂಗ್ ಅಂಗಡಿ ಸಿಗ್ತಾವ. ವೈರಿನ ಹ್ಯಾಮರ್‌ದಾಗ ಇರೋದೂ ತಾಮ್ರದ ಆರ್ಮೇಚರ್, ಕಾರ್ಬನ್, ಬೇರಿಂಗ್. ಮುಂಜಾನೆ ಕೊಟ್ರ ಒಂದೆರಡು ದಿನದಾಗ ಎದ್ದು ಕೂಡ್ತೈತಿ. ಬ್ರಷ್‌ಲೆಸ್ ಕಾರ್ಡ್‌ಲೆಸ್ ಒಳಗ ಇರೋದು ಸರ್ಕ್ಯೂಟ್ ಬೋರ್ಡು. ಅದು ಹೋದ್ರ ಬೆಳಗಾವಿಗೋ ಕೊಲ್ಲಾಪುರಕ್ಕೋ ಕಳಿಸಿ ದಾರಿ ಕಾಯಬೇಕು. ಬ್ಯಾಟರಿ ಅಂತೂ ಬಳಸಿದ್ರೂ ಸವೀತೈತಿ, ಸುಮ್ನ ಇಟ್ರೂ ಸವೀತೈತಿ. 5 ಸೆಲ್‌ನಾಗ ಒಂದು ಸೆಲ್ ಸೋತ್ರ ಪ್ಯಾಕ್ ಪೂರಾ ಸೋತಂಗ.

ಬಿಕಾಂ ಓದೋನು, ಲೆಕ್ಕ ಹಾಕದ ಬಿಡಂಗಿಲ್ಲ. ತಿಳ್ಕೊಳ್ಳಾಕ ಅಂತ ವೈರಿನ ಹ್ಯಾಮರ್ 10,000, ಎರಡು ಬ್ಯಾಟರಿಯ ಕಾರ್ಡ್‌ಲೆಸ್ ಹ್ಯಾಮರ್ 25,000, ನಡುವ ಒಂದ್ಸಲ ಬ್ಯಾಟರಿ ಬದಲಿಗೆ 10,000 ಅಂತ ಹಿಡೀರಿ. ನಿಮ್ಮ ಅಂಗಡಿ ರೇಟ್ ಹಾಕಿ ತಿದ್ದಿಕೊಳ್ರಿ. ವರ್ಷಕ್ಕ 250 ದಿನ ಕೆಲಸ, 5 ವರ್ಷ, ಅಂದ್ರ 1,250 ದಿನ. ವೈರಿಂದು ದಿನಕ್ಕ 8 ರೂಪಾಯಿ ಸವಕಳಿ, ಕಾರ್ಡ್‌ಲೆಸ್‌ದು 28. ದಿನಕ್ಕ 20 ರೂಪಾಯಿ ಫರಕು, ಎರಡು ಚಹಾದ ರೊಕ್ಕ. ಇಷ್ಟ ಆದ್ರ ನಾನೂ ಕಾರ್ಡ್‌ಲೆಸ್ ತಗೊಳ್ರಿ ಅಂತಿದ್ದೆ.

ಆದ್ರ ಮಷೀನ್ ರಿಪೇರಿಗೆ ಹೋಗಿ 8 ದಿನ ಕುಂತ್ರ? ದಿನಕ್ಕ 800 ಪಗಾರ ಅಂದ್ರ 6,400 ಹೋತು. ಇದು ಯಾವ ಡಬ್ಬಿ ಮ್ಯಾಲೂ ಬರೆದಿರಂಗಿಲ್ಲ. ಒಂದ ಮಷೀನ್ ನಂಬಿ ಹೊಟ್ಟಿ ಹೊರೆಯೋನಿಗೆ ಇದ ದೊಡ್ಡ ಖರ್ಚು, ಮ್ಯಾಲೆ ಇಎಂಐ ತಾರೀಖು ಅವನ ಸಲುವಾಗಿ ನಿಲ್ಲಂಗಿಲ್ಲ.

ಇನ್ನ ಒಂದು. 18 ವೋಲ್ಟ್, 4 ಆಂಪಿಯರ್ ಅವರ್ ಬ್ಯಾಟರಿಯಾಗ ಇರೋ ಶಕ್ತಿ 72 ವ್ಯಾಟ್ ಅವರ್. 800 ವ್ಯಾಟ್ ಮಷೀನಿನ ಪೂರ್ತಿ ಜೋರಿನಾಗ ಖರ್ಚು ಮಾಡಿದ್ರ 5 ನಿಮಿಷದ ಮಾತು. ಕಾರ್ಡ್‌ಲೆಸ್ ಹ್ಯಾಮರ್ ಅಷ್ಟು ಎಳಿಯಂಗಿಲ್ಲ ಅನ್ನೋದು ಖರೆ, ಅದಕ್ಕ ಅವುಗಳ ಹೊಡೆತಾನೂ ಕಡಿಮಿ, ಸಣ್ಣವು ಸುಮಾರು 2 ಜೂಲ್. ಇಡೀ ದಿನ ಸ್ಲ್ಯಾಬಿಗೆ ತೂತು ಹಾಕೋ ಕೆಲಸ ಇದ್ರ ನೀವ ವಿಚಾರ ಮಾಡ್ರಿ.

(4/4)
ಹಂಗಂತ ಕಾರ್ಡ್‌ಲೆಸ್ ಬ್ಯಾಡ ಅಂತಲ್ಲ. ಛಾವಣಿ ಮ್ಯಾಲೆ ಸೋಲಾರ್ ಕೂಡಿಸೋರು, ಕಂಬ ಹತ್ತಿ ಸಿಸಿ ಕ್ಯಾಮೆರಾ ಹಾಕೋರು, ಕರೆಂಟ್ ಪಾಳಿ ಮ್ಯಾಲೆ ಬರೋ ತೋಟದಾಗ ಕೆಲಸ ಮಾಡೋರು, ಇವರಿಗೆ ನಿಚ್ಚಣಿಕಿ ಮ್ಯಾಲೆ ವೈರ್ ಎಳಕೊಂಡು ಹೋಗೋದ ಅಪಾಯ. ಅವರು ತಗೊಳ್ಳಲಿ. ಬಡಿಗ್ಯಾರಿಗೆ, ಸ್ಕ್ರೂ ಕೆಲಸದವರಿಗೆ 12 ವೋಲ್ಟಿಂದು ಸಾಕಾಗ್ತೈತಿ. ತಗೊಳ್ಳೋ ಮುಂದ ಮಷೀನಿನ ರೇಟಿಗಿಂತ ಮೊದಲು ಬಿಡಿ ಬ್ಯಾಟರಿ ರೇಟ್ ಕೇಳ್ರಿ, ಇಲ್ಲೇ ಸಿಗ್ತೈತೋ ತರಿಸಬೇಕೋ ಕೇಳ್ರಿ. ಅಂಗಡಿಯವನು ತಡವರಿಸಿದ್ರ ಆ ಬ್ರ್ಯಾಂಡ್ ಎಷ್ಟ ಚಂದ ಇದ್ರೂ ಬ್ಯಾಡ.

ಮಿರಜಿನಾಗ, ಇಚಲಕರಂಜಿಯಾಗ ಟ್ಯಾಕ್ಸ್ ಕಡಿಮಿ ಅಂತ ಇನ್ನೂ ಹೇಳ್ತಾರ. 2017ರ ಜುಲೈ 1ರಿಂದ ಜಿಎಸ್‌ಟಿ ದರ ಎರಡೂ ಕಡೆ ಒಂದ, ಈ ಮಷೀನಿಗೆ 18%. ಅಲ್ಲಿ ಅಗ್ಗ ಸಿಕ್ರ ಅದು ಅಂಗಡಿಯವನ ಮಾರ್ಜಿನ್, ಇಲ್ಲಾ ಬಿಲ್ ಇಲ್ಲದ ಮಾಲು. ಬಿಲ್ ಇಲ್ಲಂದ್ರ ವಾರಂಟಿ ಕೇಳಾಕ ಬಾಯಿ ಇರಂಗಿಲ್ಲ. ಜಿಎಸ್‌ಟಿ ನಂಬರ್ ಇದ್ದವರು ಅದನ್ನ ಬಿಲ್‌ನಾಗ ಬರೆಸ್ರಿ, ಇಲ್ಲಂದ್ರ ಕ್ರೆಡಿಟ್ ಸಿಗಂಗಿಲ್ಲ.

ಮುಂದಿನ ವಾರ ಗ್ರೈಂಡರ್. ಗಾರ್ಡ್ ಬಿಚ್ಚಿ ಓಡಸೋರು ತಪ್ಪದ ಓದ್ರಿ.

#ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ #ಹ್ಯಾಮರ್‌ಲೆಕ್ಕ