ನಾಲಗೆಗೆ ನುಡಿ: ಹುಳಿ ಎಂದರೆ ಸಾಲದು



ಈ ಸಲ ಕುಡಿಯುವ ಪದಾರ್ಥದ ಮಾತು. ಹಿರಿಯರು ಹುಬ್ಬು ಗಂಟಿಕ್ಕದೆ ಕಡೆಯತನಕ ಓದಬೇಕೆಂದು ವಿನಂತಿ.

ಹೋದ ತಿಂಗಳು ಕೊಥ್ರೂಡಿನಲ್ಲಿರುವ ತಂಗಿಯ ಮನೆಗೆ ಊಟಕ್ಕೆ ಹೋಗಿದ್ದೆ. ಅವಳ ಮಗ ಪುಣೆಯಲ್ಲೇ ಹುಟ್ಟಿ ಬೆಳೆದವನು, ಈಗ 28 ವರ್ಷದವನು. ಕೆಲಸದ ಮೇಲೆ ಬೆಲ್ಜಿಯಮ್ಮಿಗೆ ಹೋದವನು ಬರುವಾಗ ಒಂದು ಬಾಟಲಿ ತಂದಿದ್ದ. ಅದನ್ನು ಮೇಜಿನ ಮೇಲಿಟ್ಟ ಕೂಡಲೇ ತಂಗಿ ಎದ್ದು ಒಳಗೆ ಹೋದಳು. ಕಾರಣ ನನಗೆ ಗೊತ್ತಿತ್ತು. ನಮ್ಮ ಕಾಕಾ ಕುಡಿತದಿಂದಲೇ ತೀರಿಕೊಂಡವರು. ಅಂದಿನಿಂದ ನಮ್ಮ ಮನೆಯಲ್ಲಿ ಆ ವಿಷಯವನ್ನು ಯಾರೂ ಎತ್ತುವುದಿಲ್ಲ.

"ಮಾಮಾ, ಇದು ಬ್ಯಾರೆ ಅದ. ಒಂದು ಗುಟುಕು ನೋಡ್ರಿ, ಹ್ಯಾಂಗದ ಹೇಳ್ರಿ" ಎಂದ ಹುಡುಗ.

ಎರಡು ಚಮಚೆಯಷ್ಟು ಬಾಯಿಗೆ ಹಾಕಿಕೊಂಡೆ. "ಹುಳಿ" ಎಂದೆ.

"ಇಷ್ಟನ?" ಎಂದು ನಕ್ಕ. ಆ ನಗು ನನ್ನನ್ನು ಕೆಣಕಿತು.

ಬಾಟಲಿಯ ಹೆಸರು ಸೇಂಟ್ ಲಾಮ್ವಿನಸ್. ಮಾಡಿದವರು ಬ್ರಸೆಲ್ಸಿನಲ್ಲಿ 1900ರಲ್ಲಿ ಆರಂಭವಾದ ಕಾಂತಿಯೋನ್ ಸಂಸ್ಥೆಯವರು. ಸಾಮಾನ್ಯ ಬಿಯರಿಗೆ ಬೇರೆಯಾಗಿ ಬೆಳೆಸಿದ ಯೀಸ್ಟನ್ನು ಬೆರೆಸುತ್ತಾರೆ. ಇವರು ಹಾಗೆ ಮಾಡುವುದಿಲ್ಲ. ಮೊಳಕೆಯ ಬಾರ್ಲಿ ಮತ್ತು ಗೋಧಿಯ ರಸವನ್ನು ಕುದಿಸಿ, ಅಗಲವಾದ ತಾಮ್ರದ ತೊಟ್ಟಿಯಲ್ಲಿ ಚಳಿಯ ರಾತ್ರಿ ತೆರೆದಿಡುತ್ತಾರೆ. ಗಾಳಿಯಲ್ಲೂ ಆ ಹಳೆಯ ಕಟ್ಟಡದಲ್ಲೂ ಇರುವ ಕಾಡು ಯೀಸ್ಟು, ಬ್ಯಾಕ್ಟೀರಿಯಾಗಳು ಕರೆಯದೆ ಬಂದು ಸೇರುತ್ತವೆ. ಆಮೇಲೆ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಹುದುಗು ಬರುತ್ತದೆ. ಇದು ಲ್ಯಾಂಬಿಕ್. ಅದರಲ್ಲಿ ಕೆಂಪು ವೈನಿಗೆ ಬಳಸುವ ಮೆರ್ಲೊ ದ್ರಾಕ್ಷಿಯನ್ನು ನೆನೆಹಾಕಿದರೆ ಈ ಪಾನೀಯ ಸಿದ್ಧ. ಈ ಬಗೆಯದನ್ನು ಅಮೆರಿಕದವರು ವೈಲ್ಡ್ ಏಲ್ ಎನ್ನುತ್ತಾರೆ.

ನಾನು ಇನ್ನೊಮ್ಮೆ ನಾಲಗೆಗೆ ತಾಗಿಸಿ ಪದ ಹುಡುಕುತ್ತಿದ್ದಾಗ ತಂಗಿ ಬಾಗಿಲಲ್ಲಿ ಬಂದು ನಿಂತಳು. ಲೋಟ ಕೈಗೆ ತೆಗೆದುಕೊಂಡು ಮೂಸಿದಳು, ಕುಡಿಯಲಿಲ್ಲ.

"ಮೂರನೇ ದಿನದ ಇಡ್ಲಿ ಹಿಟ್ಟು" ಎಂದಳು. ಮತ್ತೆ ಮೂಸಿ, "ಮಳಿಗಾಲದಾಗ ಅಜ್ಜನ ಮನಿ ಕೊಟ್ಟಿಗಿ" ಎಂದಳು.

ಆಕೆಯ ಮೂಗು ಎರಡನ್ನೂ ಸರಿಯಾಗಿಯೇ ಹಿಡಿದಿತ್ತು. ಇಡ್ಲಿ ಹಿಟ್ಟನ್ನು ಹುಳಿ ಮಾಡುವುದು ಲ್ಯಾಕ್ಟಿಕ್ ಆಮ್ಲ. ಲ್ಯಾಂಬಿಕ್ಕಿನ ಹುಳಿಗೂ ಅದೇ ಮುಖ್ಯ ಕಾರಣ. ಕೊಟ್ಟಿಗೆಯ ವಾಸನೆ ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟಿನದು. ಅದಕ್ಕೆ ಈ ಹೆಸರಿಟ್ಟವರು ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್, 1904ರಲ್ಲಿ.

"ಕೊಟ್ಟಿಗಿ ವಾಸನಿ ಹ್ಯಾಂಗಿರತದ ಅವ್ವಾ?" ಎಂದ ಹುಡುಗ. ಅವನು ಕೊಟ್ಟಿಗೆ ನೋಡಿದವನಲ್ಲ. ತಂಗಿ ಕುರ್ಚಿ ಎಳೆದುಕೊಂಡು ಕೂತು ಅಜ್ಜನ ಮನೆ, ದನಗಳು, ಒದ್ದೆ ಹುಲ್ಲು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಕಾಕಾನ ಮಾತೂ ಬಂತು. "ಕಾಕಾ ಒಂದು ದಿನಾನೂ ರುಚಿ ನೋಡಲಿಲ್ಲಪಾ. ಬರೇ ಕುಡದ" ಎಂದಳು. ಮಗನ ಎದುರಿಗೆ ಆ ಹೆಸರನ್ನು ಅವಳು ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹುಡುಗ ಸುಮ್ಮನೆ ಕೇಳಿದ. ಆಮೇಲೆ ಬಾಟಲಿಗೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟ. ಊಟಕ್ಕೆ ಕೂತೆವು.

ಗೆಳೆಯರೆ, ಕುಡಿಯಿರಿ ಎಂದು ಹೇಳಲು ಇದನ್ನು ಬರೆದಿಲ್ಲ. ಕುಡಿತ ಎಷ್ಟು ಮನೆಗಳನ್ನು ತೊಳೆದಿದೆಯೆಂದು ಬಲ್ಲೆ. ಆದರೆ ಬಾಯಿ ಕಟ್ಟಿದ ಮನೆಯಲ್ಲಿ ಮಕ್ಕಳು ಕದ್ದು ಕಲಿಯುತ್ತಾರೆ. ಮಾತಿರುವ ಮನೆಯಲ್ಲಿ ಕೇಳಿ ಕಲಿಯುತ್ತಾರೆ. ಆ ಮಾತಿಗೆ ಬೇಕಾದ ಪದಗಳು ನಿಮ್ಮ ಮನೆಯ ಅಡಿಗೆಮನೆಯಲ್ಲೇ ಇವೆ.

ಬಾಟಲಿ ಇಲ್ಲದೆ ಪರೀಕ್ಷಿಸಿ ನೋಡಿ. ಫೆಬ್ರವರಿಯಲ್ಲಿ ಜುನ್ನರ್, ನಾರಾಯಣಗಾಂವ್ ಕಡೆಯ ಕಪ್ಪು ದ್ರಾಕ್ಷಿ ನಮ್ಮ ಮಂಡಿಗೆ ಬರುತ್ತದೆ. ಒಂದು ಹಣ್ಣಿನ ಸಿಪ್ಪೆ ಸುಲಿಯಿರಿ. ಒಳಗಿನ ತಿರುಳಿಗೆ ಆ ಕಪ್ಪು ಬಣ್ಣವಿಲ್ಲ, ಬಣ್ಣವೆಲ್ಲ ಸಿಪ್ಪೆಯಲ್ಲಿ. ಸಿಪ್ಪೆಯನ್ನಷ್ಟೇ ಅಗಿಯಿರಿ. ನೇರಳೆಹಣ್ಣು ತಿಂದಾಗಿನಂತೆ ನಾಲಗೆ ಬಿಗಿಯುತ್ತದೆಯಲ್ಲ, ಅದು ಒಗರು. ತಿರುಳಿನ ಹುಳಿಯನ್ನು ಹುಣಸೆಹಣ್ಣಿನ ಜೊತೆ ಹೋಲಿಸಿ: ಎರಡರಲ್ಲೂ ಇರುವುದು ಟಾರ್ಟಾರಿಕ್ ಆಮ್ಲ. ಮೊಸರಿನ ಹುಳಿಯೇ ಬೇರೆ. ಈಗ ಆ ಬಾಟಲಿಯ ರುಚಿ ಕೇಳಿದರೆ ನಾನು ಹೇಳುವುದು ಹೀಗೆ: ಮೊದಲು ಮೊಸರಿನ ಹುಳಿ, ಹಿಂದೆಯೇ ಹುಣಸೆಯ ಹುಳಿ, ಕಡೆಗೆ ನೇರಳೆಯ ಒಗರು.

ನಿಮ್ಮ ಮನೆಯ ಹಿರಿಯರು ರುಚಿಗೆ ಬಳಸುವ ಒಂದು ಪದವನ್ನು ಕೇಳಿ, ಅದರ ಕಥೆಯೊಡನೆ ಮುಂದಿನ ಸಂಚಿಕೆಗೆ ಬರೆದು ಕಳಿಸಿ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ತಿದ್ದಿಕೊಳ್ಳೋಣ.