ರಿಪೇರಿಗೆ ಹೋದ ಲ್ಯಾಪ್‌ಟಾಪು ಒಡೆದು ಬಂದರೆ ಹೊಣೆ ಯಾರದು?

ಕೀಬೋರ್ಡಿನ ನಾಲ್ಕು ಕೀಲಿಗಳು ಕೆಲಸ ಮಾಡುತ್ತಿಲ್ಲವೆಂದು ವಾರಂಟಿಯಲ್ಲಿ ಕಳಿಸಿದ ಲ್ಯಾಪ್‌ಟಾಪು ಹತ್ತು ದಿನ ಬಿಟ್ಟು ವಾಪಸ್ ಬರುತ್ತದೆ. ಕೀಲಿಗಳೇನೋ ಸರಿಯಾಗಿವೆ, ಆದರೆ ಪರದೆಯ ಮೂಲೆಯಲ್ಲಿ ಬಿರುಕು! ಫೋನಾಯಿಸಿ ಕೇಳಿದರೆ ಅತ್ತಲಿಂದ ಅತಿ ವಿನಯದ ಉತ್ತರ: "ಕ್ಷಮಿಸಿ, ಪೆಟ್ಟು ಬಿದ್ದು ಆದ ಹಾನಿ ವಾರಂಟಿಯಲ್ಲಿ ಬರುವುದಿಲ್ಲ." ಹಲ್ಲುನೋವೆಂದು ಹೋದವನ ಕಿವಿ ಕುಯ್ದು, ಕಿವಿಗೆ ನಮ್ಮಲ್ಲಿ ಔಷಧಿಯಿಲ್ಲ ಎಂದ ಹಾಗಾಯಿತು. ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಯುಗಾದಿ, ದೀಪಾವಳಿ ಕೂಟಗಳ ಊಟದ ಸಾಲಿನಲ್ಲಿ ಇಂಥ ಕಥೆಗಳನ್ನು ಸಾಕಷ್ಟು ಕೇಳಿದ್ದೇನೆ. ಬಹಳ ಮಂದಿ ಆ ಒಂದು ವಾಕ್ಯ ಕೇಳಿ ಸುಮ್ಮನಾಗಿಬಿಡುತ್ತಾರೆ. ಐನೂರು ಆರುನೂರು ಪೌಂಡಿನ ವಸ್ತುವಿಗೆ ಜಗಳವೇಕೆ ಎಂಬ ಸಂಕೋಚ ಒಂದು ಕಡೆ, ಇದು ನಮ್ಮ ಊರಲ್ಲವಲ್ಲ ಎಂಬ ಅಳುಕು ಇನ್ನೊಂದು ಕಡೆ.

ಆ ವಾಕ್ಯ ಸುಳ್ಳಲ್ಲ. ಆದರೆ ನೀವು ಕೇಳಿದ ಪ್ರಶ್ನೆಗೆ ಅದು ಉತ್ತರವೇ ಅಲ್ಲ. ನೀವು ಕೇಳಬೇಕಾದದ್ದು ವಾರಂಟಿಯನ್ನಲ್ಲ, "ನಿಮ್ಮ ಕೈಯಲ್ಲಿದ್ದಾಗ ನನ್ನ ವಸ್ತುವಿಗೆ ಏನಾಯಿತು?" ಎಂಬುದನ್ನು.

ಗ್ರಾಹಕರ ಹಕ್ಕು ಈಚೆಗೆ ಸುದ್ದಿಯಲ್ಲೇನೋ ಇದೆ. 2024ರಲ್ಲಿ ಬಂದ ಹೊಸ ಕಾಯ್ದೆಯಿಂದಾಗಿ 2025ರ ಏಪ್ರಿಲ್ 6ರಿಂದ ಇಲ್ಲಿನ ಸ್ಪರ್ಧಾ ಪ್ರಾಧಿಕಾರ ಸಿಎಂಎ, ಕೋರ್ಟಿಗೆ ಹೋಗದೆ ತಾನೇ ತೀರ್ಮಾನಿಸಿ, ಗ್ರಾಹಕ ಕಾನೂನು ಮುರಿದ ಕಂಪನಿಗೆ ಅದರ ಜಾಗತಿಕ ವಹಿವಾಟಿನ ಶೇಕಡಾ 10ರವರೆಗೂ ದಂಡ ಹಾಕಬಹುದು. ಯೂರೋಪಿನ ಒಕ್ಕೂಟವೂ 2024ರಲ್ಲಿ ರಿಪೇರಿ ಹಕ್ಕಿನ ನಿರ್ದೇಶನ ಹೊರಡಿಸಿ, ಸದಸ್ಯ ದೇಶಗಳಿಗೆ 2026ರ ಜುಲೈ 31ರ ಗಡುವು ಕೊಟ್ಟಿತು. ಬದಲಿ ವಸ್ತು ಕೇಳದೆ ರಿಪೇರಿಯನ್ನೇ ಆರಿಸಿಕೊಂಡವರಿಗೆ ಮಾರಾಟಗಾರನ ಹೊಣೆ ಒಂದು ವರ್ಷ ಹೆಚ್ಚುವರಿ ಸಿಗಬೇಕೆಂಬುದು ಅದರಲ್ಲಿದೆ. ಜರ್ಮನಿಯ ಕನ್ನಡ ಬಂಧುಗಳಿಗೆ ಇದು ಒಳ್ಳೆಯ ಸುದ್ದಿಯೇ. ಬ್ರೆಕ್ಸಿಟ್ ಆದ ಮೇಲೆ ಇಲ್ಲಿ ಲಂಡನ್ನು, ರೆಡಿಂಗು, ಮಿಲ್ಟನ್ ಕೀನ್ಸಿನಲ್ಲಿ ಕೊಳ್ಳುವ ನಮಗೆ ಅದು ಅನ್ವಯಿಸದು. ಸಿಎಂಎ ಕೂಡ ಒಬ್ಬೊಬ್ಬರ ದೂರು ಬಗೆಹರಿಸಿ ಕೊಡುವ ಸಂಸ್ಥೆಯಲ್ಲ. ಒಡೆದ ಪರದೆ ಹಿಡಿದು ಕೂತವನ ಕೆಲಸಕ್ಕೆ ಬರುವುದು ಹಳೆಯ ಸರಕೇ.

ಮೊದಲು ಯಾರ ಹೊಣೆ ಏನು ಎಂಬುದನ್ನು ಬಿಡಿಸಿಕೊಳ್ಳೋಣ. ವಾರಂಟಿ ಎಂಬುದು ಸಾಮಾನ್ಯವಾಗಿ ತಯಾರಕರು ತಾವಾಗಿ ಕೊಡುವ ಭರವಸೆ. ಅದರ ಷರತ್ತುಗಳನ್ನು ಬರೆಯುವವರೂ ಅವರೇ. ಆದರೆ ಆ ಕಾಗದದಲ್ಲೇ, ಗ್ರಾಹಕನ ಕಾನೂನುಬದ್ಧ ಹಕ್ಕುಗಳಿಗೆ ಇದರಿಂದ ಬಾಧೆಯಿಲ್ಲ ಎಂದು ಬರೆಯುವುದು ಕಡ್ಡಾಯ. ಯಾರೂ ಓದದ ಆ ಸಣ್ಣ ಅಕ್ಷರದ ಸಾಲು ನಿಜಕ್ಕೂ ನಮ್ಮ ಪರವಾದದ್ದು! ಆ ಹಕ್ಕುಗಳಿರುವುದು ಕನ್ಸ್ಯೂಮರ್ ರೈಟ್ಸ್ ಆಕ್ಟ್ 2015ರಲ್ಲಿ, ಮತ್ತು ಅವು ಇರುವುದು ತಯಾರಕರ ಮೇಲಲ್ಲ, ನಿಮಗೆ ಮಾರಿದ ಅಂಗಡಿಯ ಮೇಲೆ. ದೋಷವಿರುವ ವಸ್ತುವನ್ನು ಅಂಗಡಿ ತನ್ನ ಖರ್ಚಿನಲ್ಲಿ, ಯುಕ್ತ ಸಮಯದಲ್ಲಿ, ನಿಮಗೆ ಹೆಚ್ಚಿನ ತೊಂದರೆಯಾಗದಂತೆ ಸರಿಮಾಡಿಸಬೇಕು. ಒಂದು ಸಲ ರಿಪೇರಿ ಮಾಡಿಯೂ ಸರಿಹೋಗದಿದ್ದರೆ ವಸ್ತುವನ್ನು ತಿರಸ್ಕರಿಸಿ ಹಣ ವಾಪಸ್ ಕೇಳುವ ಅಥವಾ ಬೆಲೆ ಇಳಿಸಿಕೊಳ್ಳುವ ಹಕ್ಕು ನಿಮ್ಮದು. "ಇನ್ನೊಂದು ಸಲ ನೋಡೋಣ, ಮತ್ತೊಂದು ಸಲ ನೋಡೋಣ" ಎಂದು ಎಳೆಯುವಂತಿಲ್ಲ. ಕೊಂಡ ಆರು ತಿಂಗಳೊಳಗೆ ದೋಷ ಕಂಡರೆ ಅದು ಮೊದಲೇ ಇತ್ತೆಂದು ಕಾನೂನು ಭಾವಿಸುತ್ತದೆ; ಆಮೇಲೆ ರುಜುವಾತಿನ ಹೊರೆ ನಮ್ಮ ಮೇಲೆ ಬರುತ್ತದೆ.

ಮೂರನೆಯದು ಎಲ್ಲಕ್ಕಿಂತ ಹಳೆಯದು. ಟೈಲರನಿಗೆ ರೇಷ್ಮೆ ಸೀರೆ ಕೊಟ್ಟಾಗ, ಅಕ್ಕಸಾಲಿಗೆ ಬಳೆ ಕೊಟ್ಟಾಗ, ವಸ್ತು ನಮ್ಮದೇ, ಆದರೆ ಅದು ಅವರ ವಶದಲ್ಲಿರುತ್ತದೆ. ಇಂಗ್ಲಿಷ್ ಕಾನೂನು ಇದನ್ನು ಬೇಲ್‌ಮೆಂಟ್ ಎನ್ನುತ್ತದೆ. ವಶಕ್ಕೆ ಪಡೆದವರು ಯುಕ್ತವಾದ ಎಚ್ಚರ ವಹಿಸಬೇಕು, ಮತ್ತು ಮುಖ್ಯವಾಗಿ, ವಸ್ತು ಕೆಟ್ಟರೆ ಅಥವಾ ಕಳೆದರೆ ತಮ್ಮ ತಪ್ಪಿಲ್ಲವೆಂದು ತೋರಿಸಬೇಕಾದವರು ಅವರೇ. ರಿಪೇರಿ ಉಚಿತವಾಗಿತ್ತು ಎಂಬುದು ನೆಪವಾಗಲಾರದು.

ಇದಕ್ಕೆ ಇಲ್ಲಿನ ಕೋರ್ಟಿನಲ್ಲಿ ಒಂದು ಸೊಗಸಾದ ಪ್ರಕರಣವಿದೆ, 1965ರಲ್ಲಿ ತೀರ್ಪಾದದ್ದು. ಮಾರಿಸ್ ಎಂಬ ಮಹಿಳೆ ತನ್ನ ಮಿಂಕ್ ತುಪ್ಪಳದ ಹೆಗಲುಹೊದಿಕೆಯನ್ನು ಶುಚಿಮಾಡಿಸಲು ತುಪ್ಪಳದ ವ್ಯಾಪಾರಿಗೆ ಕೊಟ್ಟಳು. ಆತ ಅವಳ ಒಪ್ಪಿಗೆ ಪಡೆದು ಮಾರ್ಟಿನ್ ಎಂಬ ಶುಚಿಗಾರ ಕಂಪನಿಗೆ ಕಳಿಸಿದ. ಅಲ್ಲಿ, ಅದನ್ನು ಶುಚಿಮಾಡಬೇಕಾಗಿದ್ದ ನೌಕರನೇ ಕದ್ದುಬಿಟ್ಟ. ಮಾರಿಸ್‌ಗೂ ಮಾರ್ಟಿನ್ ಕಂಪನಿಗೂ ನೇರ ಒಪ್ಪಂದವೇ ಇರಲಿಲ್ಲ. ಆದರೂ ಲಾರ್ಡ್ ಡೆನ್ನಿಂಗ್ ಇದ್ದ ಮೇಲ್ಮನವಿ ನ್ಯಾಯಾಲಯ, ಹೊಣೆ ಆ ಕಂಪನಿಯದೇ ಎಂದಿತು. ಕಂಪನಿಯ ಮುದ್ರಿತ ಷರತ್ತುಗಳಲ್ಲಿ ಗ್ರಾಹಕರ ಸರಕಿಗೆ ನಾವು ಜವಾಬ್ದಾರರಲ್ಲ ಎಂಬ ಅರ್ಥದ ಮಾತು ಇತ್ತು. ಆಕೆ ಅವರ ಗ್ರಾಹಕಳೇ ಅಲ್ಲವಾದ್ದರಿಂದ ಅದು ಅವರನ್ನು ಕಾಪಾಡಲಿಲ್ಲ! ತುಪ್ಪಳದ ಜಾಗದಲ್ಲಿ ಲ್ಯಾಪ್‌ಟಾಪ್ ಇಟ್ಟು ನೋಡಿ: ಅಂಗಡಿ, ಅಲ್ಲಿಂದ ಕೊರಿಯರ್, ಅಲ್ಲಿಂದ ಹೊರಗುತ್ತಿಗೆಯ ಸರ್ವೀಸ್ ಸೆಂಟರ್. "ಒಡೆದದ್ದು ನಾವಲ್ಲ, ಅವರು" ಎಂಬ ಮಾತು ಅವರವರ ನಡುವಿನ ಲೆಕ್ಕಾಚಾರ ಅಷ್ಟೆ. ಈಗಿನ ಮುದ್ರಿತ ಷರತ್ತುಗಳಿಗೂ 2015ರ ಕಾಯ್ದೆಯಲ್ಲಿ ಲಗಾಮಿದೆ. ಅನ್ಯಾಯದ ಷರತ್ತು ಗ್ರಾಹಕನನ್ನು ಕಟ್ಟಿಹಾಕದು. (ಸ್ಕಾಟ್ಲೆಂಡಿನವರು ಗಮನಿಸಿ: 2015ರ ಕಾಯ್ದೆ ನಿಮಗೂ ಉಂಟು, ಆದರೆ ಬೇಲ್‌ಮೆಂಟ್ ಎಂಬ ಪರಿಭಾಷೆ ಅಲ್ಲಿ ಇಲ್ಲ.)

ಹಾಗಾದರೆ ಜನ ಸೋಲುವುದೆಲ್ಲಿ? ನಾನು ಕಂಡಂತೆ, ಒಂದೇ ಕಡೆ. ವಸ್ತು ಒಳ್ಳೆಯ ಸ್ಥಿತಿಯಲ್ಲಿ ಅವರ ಕೈ ಸೇರಿತು ಎಂಬುದನ್ನು ನಾವು ತೋರಿಸಿದ ಮೇಲಷ್ಟೇ ಹೊರೆ ಅವರ ಹೆಗಲಿಗೆ ಹೋಗುತ್ತದೆ. ಆ ಮೊದಲ ಹೆಜ್ಜೆಗೆ ನಮ್ಮ ಬಳಿ ಏನೂ ಇರುವುದಿಲ್ಲ. ಅಂಗಡಿಯ ಚೀಟಿಯಲ್ಲಿ ಮಾತ್ರ "ಬಳಸಿದ ಗುರುತುಗಳಿವೆ" ಎಂದು ಯಾರೋ ಬರೆದಿರುತ್ತಾರೆ, ನಾವು ಸಹಿ ಹಾಕಿರುತ್ತೇವೆ. ಇದಕ್ಕೆ ಮದ್ದು ಎರಡು ನಿಮಿಷದ ವಿಡಿಯೋ. ಯಂತ್ರ ಚಾಲೂ ಇರುವಾಗ ಪರದೆ, ನಾಲ್ಕು ಮೂಲೆ, ಹಿಂಬದಿ, ಸೀರಿಯಲ್ ನಂಬರು, ಆಮೇಲೆ ಪೆಟ್ಟಿಗೆಯಲ್ಲಿ ಇಟ್ಟ ರೀತಿ. ವಾಪಸ್ ಬಂದ ಪೆಟ್ಟಿಗೆ ತೆರೆಯುವಾಗಲೂ ಇದೇ. ಅಂಗಡಿಯಲ್ಲೇ ಪಡೆಯುವುದಾದರೆ ಕೌಂಟರ್ ಬಿಡುವ ಮುನ್ನ ಚಾರ್ಜಿಂಗ್, ಕ್ಯಾಮೆರಾ, ಮೈಕು, ಸ್ಪೀಕರು, ವೈಫೈ ಪರೀಕ್ಷಿಸಿ. ಹಿಂದೆ ಸರತಿಯಲ್ಲಿ ನಿಂತವರು ಗುರುಗುಟ್ಟಿದರೆ ಗುರುಗುಟ್ಟಲಿ.

ಹೊರಗೆ ಕಾಣುವ ಬಿರುಕಿಗಿಂತ ಒಳಗಿನ ಹಾನಿ ಕೆಟ್ಟದ್ದು ಎಂಬುದು ನಮ್ಮ ಕಂಪ್ಯೂಟರ್ ಮಂದಿಗೆ ಗೊತ್ತು. ಈಗಿನ ಫೋನುಗಳನ್ನು ಅಂಟಿನಿಂದ ಮುಚ್ಚಿರುತ್ತಾರೆ. ಬಿಸಿಮಾಡಿ ಎಬ್ಬಿಸದೆ ತೆರೆಯಲಾಗದು. ಎಬ್ಬಿಸುವಾಗ ಕೂದಲಿನಷ್ಟು ತೆಳುವಾದ ರಿಬ್ಬನ್ ಕೇಬಲ್ ಹರಿಯಬಹುದು, ನೀರು ತಡೆಯುವ ಸೀಲು ಹೋಗಬಹುದು. ಉದ್ದದ ಸ್ಕ್ರೂವನ್ನು ಗಿಡ್ಡ ಸ್ಕ್ರೂವಿನ ತೂತಿಗೆ ಹಾಕಿದರೆ ಅದು ಸರ್ಕಿಟ್ ಬೋರ್ಡಿನ ಪದರಗಳನ್ನೇ ಕೊರೆದುಬಿಡುತ್ತದೆ. ರಿಪೇರಿ ಜಗತ್ತಿನಲ್ಲಿ ಇದು ಎಷ್ಟು ಮಾಮೂಲೆಂದರೆ, "ಲಾಂಗ್ ಸ್ಕ್ರೂ ಡ್ಯಾಮೇಜ್" ಎಂಬ ಹೆಸರೇ ಇದೆ. ಬ್ಯಾಟರಿ ಬದಲಿಸಲು ಹೋದ ಫೋನಿನ ಮೈಕು ಸತ್ತರೆ "ಅದು ಬೇರೆ ದೋಷ" ಎನ್ನುವವರಿಗೆ, ನೀವು ತೆರೆದು ಮುಚ್ಚಿದ ಜಾಗದಲ್ಲೇ ಇದೆಯಲ್ಲ ಎಂದು ಬರಹದಲ್ಲಿ ಕೇಳಿ.

ಬರಹದಲ್ಲಿ ಎಂಬುದು ಮುಖ್ಯ. ಫೋನಿನಲ್ಲಿ ಅರ್ಧ ಗಂಟೆ ಸಂಗೀತ ಕೇಳಿ ಬೈದಾಡುವುದಕ್ಕಿಂತ ಒಂದು ಪುಟದ ಪತ್ರ ಮೇಲು. ಅಂಗಡಿಯ ಮೂಲಕ ರಿಪೇರಿಗೆ ಹೋಗಿದ್ದರೆ ಪತ್ರ ಅಂಗಡಿಗೆ. ತಯಾರಕರಿಗೇ ನೇರ ಕಳಿಸಿದ್ದರೆ ವಶದಲ್ಲಿಟ್ಟುಕೊಂಡ ಅವರಿಗೆ. ಕೊಟ್ಟ ದಿನ, ಆಗಿನ ಸ್ಥಿತಿ, ಬಂದ ದಿನ, ಈಗಿನ ಸ್ಥಿತಿ, ನೀವು ಕೇಳುವ ಪರಿಹಾರ, 14 ದಿನದ ಗಡುವು, ಇಷ್ಟು ಸಾಕು. ಪರಿಹಾರವೆಂದರೆ ಉಚಿತವಾಗಿ ಸರಿಮಾಡಿಕೊಡುವುದು, ಅಥವಾ ಅದೇ ಮಟ್ಟದ ಬದಲಿ, ಅಥವಾ ಹಣ. ಹಣ ಎಂದಾಗ ಎರಡು ವರ್ಷ ಬಳಸಿದ ವಸ್ತುವಿಗೆ ಹೊಸದರ ಬೆಲೆ ಸಿಗುವುದಿಲ್ಲ, ಆ ದಿನದ ಬೆಲೆಯೇ ಲೆಕ್ಕ. ಈ ವಿಷಯದಲ್ಲಿ ನಮ್ಮವರು ಕೆಲವೊಮ್ಮೆ ಅತಿಯಾಸೆ ಪಡುತ್ತಾರೆ, ಅದರಿಂದ ಪತ್ರದ ತೂಕವೇ ಕಡಿಮೆಯಾಗುತ್ತದೆ.

ಇನ್ನೊಂದು ಉಪಾಯ ಹೆಚ್ಚು ಜನಕ್ಕೆ ಹೊಳೆಯುವುದಿಲ್ಲ. ಬ್ರಿಟನ್ನಿನ ಡೇಟಾ ಸಂರಕ್ಷಣಾ ಕಾನೂನಿನ ಪ್ರಕಾರ, ನಿಮಗೆ ಸಂಬಂಧಿಸಿದ ದಾಖಲೆಗಳ ಪ್ರತಿಯನ್ನು ಉಚಿತವಾಗಿ ಕೇಳಬಹುದು. ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕೊಡಬೇಕು. ನಿಮ್ಮ ಹೆಸರಿನ ರಿಪೇರಿ ದಾಖಲೆ, ವಸ್ತು ಬಂದಾಗ ಸರ್ವೀಸ್ ಸೆಂಟರಿನವರು ತೆಗೆದ ಫೋಟೋ ಕೇಳಿ. ಪರದೆ ಅಖಂಡವಾಗಿರುವ ಫೋಟೋ ಅವರ ಬಳಿಯೇ ಇದ್ದರೆ ವಾದ ಅಲ್ಲಿಗೆ ಮುಗಿಯಿತು.

ಪತ್ರಕ್ಕೂ ಬಗ್ಗದಿದ್ದರೆ? ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿದ್ದರೆ, ವಸ್ತುವಿನ ಬೆಲೆ 100 ಪೌಂಡಿಗಿಂತ ಹೆಚ್ಚಿದ್ದು 30,000 ಮೀರದಿದ್ದರೆ, 1974ರ ಕಾಯ್ದೆಯ 75ನೇ ಸೆಕ್ಷನ್ನಿನಂತೆ ಮಾರಾಟಗಾರನ ಒಪ್ಪಂದಭಂಗಕ್ಕೆ ಬ್ಯಾಂಕೂ ಸಮಪಾಲಿನ ಹೊಣೆಗಾರ. ಅಂಗಡಿಯೇ ರಿಪೇರಿ ಮಾಡಿಸಿದ್ದಾಗ ಇದು ಚೆನ್ನಾಗಿ ಹೊಂದುತ್ತದೆ. ನೀವು ನೇರ ತಯಾರಕರಿಗೆ ಕಳಿಸಿದ್ದರೆ ಕಷ್ಟ. ಕೊನೆಗೆ ಸ್ಮಾಲ್ ಕ್ಲೇಮ್ಸ್ ಕೋರ್ಟು ಇದ್ದೇ ಇದೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 10,000 ಪೌಂಡಿನವರೆಗೆ ವಕೀಲರಿಲ್ಲದೆ, ಆನ್‌ಲೈನಿನಲ್ಲೇ ದಾವೆ ಹೂಡಬಹುದು. 2024ರ ಮೇ ತಿಂಗಳಿಂದ ಇಂಥ ಹಣದ ದಾವೆಗಳಲ್ಲಿ ಫೋನಿನ ಮೂಲಕ ಉಚಿತ ಮಧ್ಯಸ್ಥಿಕೆ ಕಡ್ಡಾಯವಾಗಿದೆ. ವೀಸಾಕ್ಕೆ ತೊಂದರೆಯಾದೀತೆ ಎಂದು ಒಬ್ಬ ಗೆಳೆಯ ಪಿಸುದನಿಯಲ್ಲಿ ಕೇಳಿದ್ದ. ಇಲ್ಲ ಸ್ವಾಮಿ, ಅಂಗಡಿಯ ಮೇಲೆ ಸಿವಿಲ್ ದಾವೆ ಹೂಡುವುದು ಅಪರಾಧವಲ್ಲ.

ಒಳಗಿರುವ ಮಾಹಿತಿಯ ಮಾತು ಬೇರೆ. ಯಂತ್ರ ಸರಿಹೋದರೂ ಮಗುವಿನ ಮೊದಲ ಹುಟ್ಟುಹಬ್ಬದ ಫೋಟೋಗಳು ಅಳಿಸಿಹೋದರೆ ಯಾವ ಕೋರ್ಟೂ ತಂದುಕೊಡದು. ಕಳಿಸುವ ಮುನ್ನ ಬ್ಯಾಕಪ್ ಮಾಡಿ, ಸಾಧ್ಯವಾದರೆ ಒಳಗಿನದನ್ನು ಅಳಿಸಿಯೇ ಕಳಿಸಿ. 2022ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ಗುಟ್ಟಾಗಿ ದಾಖಲಿಸುವ ಲ್ಯಾಪ್‌ಟಾಪುಗಳನ್ನು ರಿಪೇರಿಗೆ ಕೊಟ್ಟು ನೋಡಿದಾಗ, ಆರು ಅಂಗಡಿಗಳವರು ಖಾಸಗಿ ಮಾಹಿತಿಯನ್ನು ಇಣುಕಿದ್ದರು, ಅದರಲ್ಲಿ ಇಬ್ಬರು ನಕಲು ಮಾಡಿಕೊಂಡಿದ್ದರು. ಸ್ಯಾಮ್‌ಸಂಗ್ ಫೋನುಗಳಿಗೆ 2022ರಲ್ಲಿ ಮೇಂಟೆನೆನ್ಸ್ ಮೋಡ್, ಗೂಗಲ್ ಪಿಕ್ಸೆಲ್‌ಗೆ 2023ರಲ್ಲಿ ರಿಪೇರ್ ಮೋಡ್ ಬಂದವು. ಪಾಸ್‌ವರ್ಡ್ ಚೀಟಿಯಲ್ಲಿ ಬರೆದುಕೊಡುವ ಬದಲು ಅದನ್ನು ಬಳಸಿ.

ಊರಿನ ಅಪ್ಪ ಅಮ್ಮಂದಿರ ಫೋನಿನ ವಿಚಾರ. ನೀವು ಇಲ್ಲಿ ಕೂತು ಭಾರತದ ಆನ್‌ಲೈನ್ ಅಂಗಡಿಯಿಂದ ಮೈಸೂರಿನ ಅಮ್ಮನಿಗೆ ಫೋನು ಕೊಡಿಸಿದ್ದರೆ, ಅಲ್ಲಿನ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಅಂದರೆ ಅಮ್ಮನೇ, ತಾನು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು; ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಅದಕ್ಕೂ ಮೊದಲು 1915ಕ್ಕೆ ಕರೆಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನೆರವು ಪಡೆಯಬಹುದು. ಬೇಲ್‌ಮೆಂಟ್ ತತ್ವ ಅಲ್ಲಿಯೂ ಇದೆ, 1872ರ ಭಾರತೀಯ ಒಪ್ಪಂದ ಕಾಯ್ದೆಯಲ್ಲೇ. ಆದರೆ ಇಲ್ಲಿ ಹೈಸ್ಟ್ರೀಟಿನಲ್ಲಿ ಕೊಂಡು ಸೂಟ್‌ಕೇಸಿನಲ್ಲಿ ಒಯ್ದ ಫೋನಿಗೆ ಅಲ್ಲಿನ ಸರ್ವೀಸ್ ಸೆಂಟರಿನವರು ವಾರಂಟಿ ಒಪ್ಪದಿರಬಹುದು, ಮತ್ತು ಇಲ್ಲಿನ ಅಂಗಡಿಯನ್ನು ಕೇಳಬೇಕಾದವರು ಕೊಂಡ ನೀವೇ. ಬೇಸಿಗೆ ರಜೆಗೆ ಊರಿಗೆ ಹೊರಡುವವರು ರಸೀದಿಯನ್ನು ಇಲ್ಲೇ ಮನೆಯಲ್ಲಿ ಇಟ್ಟು, ಒಂದು ಪ್ರತಿಯನ್ನಷ್ಟೇ ಫೋನಿನ ಜೊತೆ ಕಳಿಸಿ.